ವಾಲುವ ರೈಲು ಬಂದರೆ ಬೆಂಗಳೂರು–ಮಂಗಳೂರು ಹತ್ತಿರವಾಗುತ್ತದಾ?

ಓದುಗರ ಪ್ರಶ್ನೆ: ನಾನು ಪುತ್ತೂರಿನ ನಿವೃತ್ತ ಮೇಷ್ಟ್ರು. ಕಳೆದ ವರ್ಷ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆವು. ಲಂಡನ್ನಿನಿಂದ ಮ್ಯಾಂಚೆಸ್ಟರಿಗೆ ಹೋದ ರೈಲು ತಿರುವು ಬಂದಲ್ಲೆಲ್ಲ ಒಳಕ್ಕೆ ವಾಲುತ್ತಿತ್ತು. ಹತ್ತಿರಹತ್ತಿರ 300 ಕಿ.ಮೀ. ದಾರಿ, ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಪುತ್ತೂರಿನಿಂದ ಬೆಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ ದೂರ, ಆದರೆ ನಮಗೆ ಹಗಲಿಡೀ ಬೇಕು. ನಮ್ಮ ಘಾಟಿಯಲ್ಲಿ ಇರುವುದೆಲ್ಲ ತಿರುವೇ ಅಲ್ವಾ? ಹಾಗಿದ್ದರೆ ವಾಲುವ ರೈಲು ಮೊದಲು ಬರಬೇಕಾದದ್ದು ಇಲ್ಲಿಗೇ ಎಂದು ನಮ್ಮ ಪ್ರಯಾಣಿಕರ ಬಳಗದವರ ವಾದ. ಸಂಸದರಿಗೆ ಮನವಿ ಕೊಡಬೇಕೆಂದಿದ್ದೇವೆ. ಕೆಲವರು ಮಾತ್ರ, ಕಣಿವೆ ಪಕ್ಕದಲ್ಲಿ ರೈಲು ವಾಲಿದರೆ ಉರುಳಿ ಬೀಳುತ್ತದೆ ಎಂದು ಹೆದರಿಸುತ್ತಿದ್ದಾರೆ. ಇನ್ನೊಂದು ಮಾತು, ಆ ರೈಲಿನಲ್ಲಿ ನನ್ನ ಹೆಂಡತಿಗೆ ತಲೆ ಸುತ್ತಿ ಬಂತು. ವಯಸ್ಸಾದವರಿಗೆ ಅದು ಆಗಿಬರುವುದಿಲ್ಲವೇ? ಮನವಿಯಲ್ಲಿ ಏನು ಬರೆಯೋಣ, ತಿಳಿಸಿ.

ಉತ್ತರ: ಮೇಷ್ಟ್ರೇ, ನಾನು ಮೂವತ್ತು ವರ್ಷಕ್ಕೂ ಜಾಸ್ತಿ ರೈಲ್ವೆಯ ಹಳಿ ವಿಭಾಗದಲ್ಲಿ ಕೆಲಸ ಮಾಡಿದವನು. ನಿಮ್ಮ ಬಳಗದ ವಾದ ಕೇಳಲು ಸರಿಯಾಗಿಯೇ ಇದೆ. ತಿರುವಿಗೆ ಮದ್ದು ವಾಲುವ ರೈಲು, ನಮ್ಮಲ್ಲಿ ತಿರುವು ತುಂಬಿದೆ, ಆದ್ದರಿಂದ ಆ ಮದ್ದು ನಮಗೆ ಬೇಕು. ಆದರೆ ಘಾಟಿಯಲ್ಲಿ ರೈಲನ್ನು ಹಿಡಿದು ನಿಲ್ಲಿಸಿರುವುದು ತಿರುವಲ್ಲ. ಅದನ್ನು ಹೇಳುವ ಮುಂಚೆ ವಾಲುವ ರೈಲು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎನ್ನುವುದು ಗೊತ್ತಾಗಬೇಕು.

ಶಿರಾಡಿಯಲ್ಲಿ ಬಸ್ಸು ತಿರುಗಿದಾಗ ನಿಂತವರೆಲ್ಲ ಹೊರಗಡೆಗೆ ವಾಲುತ್ತಾರೆ. ಅದೇ ತಿರುವಿನಲ್ಲಿ ಬೈಕ್ ಓಡಿಸುವ ಹುಡುಗ ಒಳಕ್ಕೆ ವಾಲುತ್ತಾನೆ, ಅವನಿಗೆ ಏನೂ ಅನಿಸುವುದಿಲ್ಲ. ರೈಲಿಗೂ ಹೀಗೆ ಒಳಕ್ಕೆ ವಾಲುವ ಅನುಕೂಲ ಇರಲಿ ಎಂದು ನಾವು ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸಿ ಹಾಕುತ್ತೇವೆ. ಇದಕ್ಕೆ ಕ್ಯಾಂಟ್ ಎನ್ನುತ್ತೇವೆ. ನಮ್ಮ ಬ್ರಾಡ್‌ಗೇಜಿನಲ್ಲಿ ಇದು ಹೆಚ್ಚೆಂದರೆ 165 ಮಿ.ಮೀ. ಹಾಗಾದರೆ ಎಲ್ಲ ತಿರುವಿಗೂ ಅಷ್ಟು ಕೊಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ಕೊಡಲಾಗುವುದಿಲ್ಲ. ಎಕ್ಸ್‌ಪ್ರೆಸ್ ಓಡುವ ಅದೇ ಹಳಿಯ ಮೇಲೆ ಗೂಡ್ಸ್ ಗಾಡಿಯೂ ನಿಧಾನಕ್ಕೆ ಬರುತ್ತದೆ. ಹೊರಹಳಿ ತುಂಬಾ ಎತ್ತರವಿದ್ದರೆ ಅದರ ಭಾರವೆಲ್ಲ ಒಳಹಳಿಯ ಮೇಲೆ ಬಿದ್ದು ಹಳಿಯ ತಲೆ ಚಪ್ಪಟೆಯಾಗುತ್ತದೆ. ಅಂಥ ಹಳಿಗಳನ್ನು ನಾನೇ ಎಷ್ಟೋ ಸಲ ಬದಲಾಯಿಸಿದ್ದೇನೆ. ಹಾಗಾಗಿ ಇಬ್ಬರಿಗೂ ಹೊಂದುವಂತೆ ಒಂದು ನಡುವಿನ ಎತ್ತರ ಇಡುತ್ತೇವೆ. ವೇಗದ ರೈಲಿಗೆ ಅದು ಸ್ವಲ್ಪ ಕಡಿಮೆಯೇ ಬೀಳುತ್ತದೆ. ಈ ಕಡಿಮೆ ಬಿದ್ದದ್ದಕ್ಕೆ ಕ್ಯಾಂಟ್ ಕೊರತೆ ಎಂದು ಹೆಸರು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 75 ಮಿ.ಮೀ. ಕೊರತೆಗೆ ಅನುಮತಿ ಇದೆ, ಕೆಲವು ವೇಗದ ದಾರಿಗಳಲ್ಲಿ 100.

ಈ ಕೊರತೆಗೆ ಮಿತಿ ಹಾಕಿರುವುದು ರೈಲು ಉರುಳುತ್ತದೆ ಎಂದಲ್ಲ. ಉರುಳುವ ಹಂತ ಬಹಳ ದೂರದಲ್ಲಿದೆ. ಮುಖ್ಯ ಕಾರಣ ಒಳಗೆ ಕೂತವರ ಮೈ. ಕೊರತೆ ಜಾಸ್ತಿಯಾದರೆ ಲೋಟದಿಂದ ಕಾಫಿ ತುಳುಕುತ್ತದೆ, ನಡೆಯುವವರು ಸೀಟು ಹಿಡಿದುಕೊಳ್ಳಬೇಕಾಗುತ್ತದೆ. ವಾಲುವ ರೈಲು ಪರಿಹರಿಸುವುದು ಈ ಒಂದು ಸಮಸ್ಯೆಯನ್ನು ಮಾತ್ರ. ಹಳಿ ಕೊಡಲಾರದ ಓರೆಯನ್ನು ಗಾಡಿ ತಾನೇ ತೆಗೆದುಕೊಳ್ಳುತ್ತದೆ.

ಒಂದು ಲೆಕ್ಕ ನೋಡಿ. ತಿರುವು ಎಷ್ಟು ಬಿಗಿ ಎಂದು ನೋಡಲು ನಾವು ಹೊರಹಳಿಗೆ 20 ಮೀಟರ್ ದಾರ ಎಳೆದು, ನಟ್ಟನಡುವೆ ದಾರಕ್ಕೂ ಹಳಿಗೂ ಇರುವ ಅಂತರ ಅಳೆಯುತ್ತೇವೆ. ಅದು 57 ಮಿ.ಮೀ. ಬಂದರೆ ತಿರುವಿನ ತ್ರಿಜ್ಯ ಸುಮಾರು 875 ಮೀಟರ್. ಅಲ್ಲಿ ಕ್ಯಾಂಟ್ 100 ಮಿ.ಮೀ., ಕೊರತೆ 75 ಮಿ.ಮೀ. ಅಂದುಕೊಂಡರೆ ಗಂಟೆಗೆ 105 ಕಿ.ಮೀ. ವೇಗದಲ್ಲಿ ಹೋಗಬಹುದು. ವಾಲುವ ರೈಲಿಗೆಂದು ಕೊರತೆಯನ್ನು 200 ಮಿ.ಮೀ.ಗೆ ಏರಿಸಿದರೆ ಅದೇ ತಿರುವಿನಲ್ಲಿ 138. ಬ್ರಿಟನ್ನಿನಲ್ಲಿ ನೀವು ಕೂತ ರೈಲೂ ಇದೇ ಲೆಕ್ಕದ್ದು. ಅಲ್ಲಿ ಸಾಧಾರಣ ರೈಲಿಗೆ 150 ಮಿ.ಮೀ.ವರೆಗೆ ಕೊರತೆ ಬಿಟ್ಟರೆ, ಎಂಟು ಡಿಗ್ರಿಯವರೆಗೆ ವಾಲಬಲ್ಲ ಪೆಂಡೊಲಿನೊ ರೈಲಿಗೆ 300ರವರೆಗೂ ಬಿಡುತ್ತಾರೆ. ಆ ದಾರಿಯಲ್ಲಿ ಸಾಧಾರಣ ರೈಲಿನ ಮಿತಿ ಗಂಟೆಗೆ 177 ಕಿ.ಮೀ. ಇದ್ದದ್ದು ವಾಲುವ ರೈಲಿಗೆ 200 ಆಯಿತು.

ಇಲ್ಲಿ ಜನ ತಪ್ಪು ತಿಳಿಯುವುದು ಒಂದಿದೆ. ರೈಲು ಒಳಕ್ಕೆ ವಾಲುತ್ತದಲ್ಲ, ಹಳಿಗೆ ಹೊರೆ ಕಡಿಮೆಯಾಗುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ. ವಾಲುವುದು ಮೇಲಿನ ಡಬ್ಬಿ ಮಾತ್ರ. (ನಾವೆಲ್ಲ ಡಬ್ಬಿಗೇ ಬೋಗಿ ಎನ್ನುತ್ತೇವೆ. ರೈಲ್ವೆ ಕೆಲಸದವರಿಗೆ ಬೋಗಿ ಎಂದರೆ ಡಬ್ಬಿಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು.) ಚಕ್ರ, ಅಚ್ಚು, ಬೋಗಿ ಮೊದಲಿನಂತೆಯೇ ಹಳಿಯ ಮೇಲೆ ಇರುತ್ತವೆ. ವೇಗ 105ರಿಂದ 138ಕ್ಕೆ ಏರಿದರೆ ಹೊರಕ್ಕೆ ತಳ್ಳುವ ಬಲ ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ. ಒಳಗೆ ಕೂತವರಿಗೆ ಅದು ಗೊತ್ತಾಗದಿರಬಹುದು, ಹಳಿಗೆ ಗೊತ್ತಾಗುತ್ತದೆ. ಸ್ವೀಡನ್ನಿನವರು 1990ರಲ್ಲಿ ಎಕ್ಸ್‌2000 ಎನ್ನುವ ವಾಲುವ ರೈಲು ಓಡಿಸಲು ಶುರುಮಾಡಿದಾಗ, ಬೋಗಿಯ ಅಚ್ಚುಗಳು ತಿರುವಿಗೆ ತಕ್ಕಂತೆ ತಾವೇ ಹೊಂದಿಕೊಳ್ಳುವ ಹಾಗೆ ಮೆತ್ತಗೆ ಕೂರಿಸಿದ್ದು ಇದಕ್ಕೇ. ಆ ರೈಲಿನಲ್ಲಿ ಎಂಜಿನ್ ವಾಲುವುದೇ ಇಲ್ಲ, ಪ್ರಯಾಣಿಕರ ಡಬ್ಬಿಗಳಷ್ಟೇ ವಾಲುತ್ತವೆ. ನಮ್ಮಲ್ಲಿ ಎಕ್ಸ್‌ಪ್ರೆಸ್ ಎಳೆಯುವ ಡಬ್ಲ್ಯುಎಪಿ-7 ಎಂಜಿನ್ ಒಂದೊಂದು ಅಚ್ಚಿನ ಮೇಲೆ 20 ಟನ್ನಿಗೂ ಜಾಸ್ತಿ ಭಾರ ಹಾಕುತ್ತದೆ. ಅದರ ಹಿಂದೆ ವಾಲುವ ಡಬ್ಬಿ ಕಟ್ಟಿದರೆ ತಿರುವಿನ ವೇಗವನ್ನು ಡಬ್ಬಿ ನಿರ್ಧರಿಸುವುದಿಲ್ಲ, ಎಂಜಿನ್ ನಿರ್ಧರಿಸುತ್ತದೆ.

ಇನ್ನು ಉರುಳಿ ಬೀಳುವ ಭಯ. ಡಬ್ಬಿ ವಾಲುವಾಗ ಅದರ ಭಾರದ ಕೇಂದ್ರ ಹೆಚ್ಚು ಸರಿಯದ ಹಾಗೆಯೇ ಈ ಗಾಡಿಗಳನ್ನು ಕಟ್ಟಿರುತ್ತಾರೆ. ವಾಲುವ ಯಂತ್ರ ಕೆಟ್ಟು ಡಬ್ಬಿ ನೆಟ್ಟಗೇ ನಿಂತರೂ ರೈಲು ಉರುಳುವುದಿಲ್ಲ, ಕೂತವರಿಗೆ ಎಳೆತ ಗೊತ್ತಾಗುತ್ತದೆ ಅಷ್ಟೇ. ಹೆದರಬೇಕಾದದ್ದು ಮಿತಿ ಮೀರಿದ ವೇಗಕ್ಕೆ. 2018ರ ಅಕ್ಟೋಬರಿನಲ್ಲಿ ತೈವಾನಿನ ಪುಯುಮಾ ಎಕ್ಸ್‌ಪ್ರೆಸ್, ಅದೂ ವಾಲುವ ರೈಲೇ, 75 ಕಿ.ಮೀ. ಮಿತಿಯ ತಿರುವಿಗೆ ಸುಮಾರು 140ರಲ್ಲಿ ನುಗ್ಗಿ ಹಳಿ ತಪ್ಪಿತು. 18 ಜನ ತೀರಿಕೊಂಡರು. ವೇಗ ತಡೆಯಬೇಕಾದ ಸುರಕ್ಷಾ ವ್ಯವಸ್ಥೆ ಆಗ ಬಂದ್ ಆಗಿತ್ತು. 2004ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲೂ ವಾಲುವ ರೈಲೊಂದು 60ರ ತಿರುವಿಗೆ 112ರಲ್ಲಿ ಬಂದು ಬಿತ್ತು. ಅದೃಷ್ಟಕ್ಕೆ ಎಲ್ಲರೂ ಬದುಕಿದರು. ಎರಡೂ ಕಡೆ ವಾಲಿದ್ದರಿಂದ ಅಪಘಾತವಾಗಲಿಲ್ಲ, ವಾಲುವುದು ಅದನ್ನು ತಪ್ಪಿಸಲೂ ಇಲ್ಲ. ಬ್ರಿಟನ್ನಿನಲ್ಲಿ ಹಳಿಯ ನಡುವೆ ಸಣ್ಣ ಪೆಟ್ಟಿಗೆಗಳನ್ನು ಕೂರಿಸಿದ್ದಾರೆ. ಇಲ್ಲಿ ವಾಲಬಹುದು, ಇಲ್ಲಿ ಇಷ್ಟೇ ವೇಗ ಎಂದು ಅವು ರೈಲಿಗೆ ಹೇಳುತ್ತವೆ. ಮೀರಿದರೆ ಬ್ರೇಕ್ ತಾನಾಗಿ ಬೀಳುತ್ತದೆ. ಇಂಥ ಕಾವಲಿಲ್ಲದ ಹಳಿಯ ಮೇಲೆ ವಾಲುವ ರೈಲಿಗೆ ಹೆಚ್ಚಿನ ವೇಗ ಕೊಡಲು ನಾನಂತೂ ಒಪ್ಪುವವನಲ್ಲ.

ನಿಮ್ಮ ಮನೆಯವರಿಗೆ ತಲೆ ಸುತ್ತಿದ್ದು ಅವರ ವಯಸ್ಸಿನಿಂದಲ್ಲ. ಜಪಾನಿನವರಿಗೆ ಇದು 1973ರಲ್ಲೇ ಗೊತ್ತಾಯಿತು. ಅವರ 381 ಮಾದರಿಯ ರೈಲು ಯಾವ ಯಂತ್ರವೂ ಇಲ್ಲದೆ ತೊಟ್ಟಿಲಿನ ಹಾಗೆ ತಾನಾಗಿ ತೂಗುತ್ತಿತ್ತು. ತೊಟ್ಟಿಲು ತೂಗಲು ಒಂದು ಗಳಿಗೆ ತಡವಾಗುತ್ತದಲ್ಲ, ಹಾಗೆ ರೈಲು ತಿರುವು ಹೊಕ್ಕ ಮೇಲೆ ವಾಲುತ್ತಿತ್ತು, ತಿರುವು ಮುಗಿದ ಮೇಲೆ ನೆಟ್ಟಗಾಗುತ್ತಿತ್ತು. ಜನಕ್ಕೆ ವಾಕರಿಕೆ ಬರುತ್ತಿತ್ತು. ಕಿಟಕಿಯಲ್ಲಿ ಹೊಲ ಗದ್ದೆ ಓರೆಯಾಗುವುದನ್ನು ಕಣ್ಣು ಕಾಣುತ್ತದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ಎಳೆತವೇ ಗೊತ್ತಾಗುವುದಿಲ್ಲ. ಎರಡೂ ಬೇರೆಬೇರೆ ಸುದ್ದಿ ಕೊಟ್ಟಾಗ ಮಿದುಳು ಗಲಿಬಿಲಿಗೊಳ್ಳುತ್ತದೆ. ಆದ್ದರಿಂದ ಈಗ ತಯಾರಕರು ಪೂರ್ತಿ ಎಳೆತವನ್ನು ಅಳಿಸುವುದಿಲ್ಲ, ಒಂದಷ್ಟನ್ನು ಬೇಕೆಂದೇ ಉಳಿಸುತ್ತಾರೆ. ದಾರಿಯ ನಕ್ಷೆಯನ್ನು ರೈಲಿಗೇ ತುಂಬಿ, ತಿರುವು ಬರುವ ಮುಂಚೆಯೇ ಮೆಲ್ಲಗೆ ವಾಲಲು ಶುರುಮಾಡಿಸುವ ಕ್ರಮವೂ ಜಪಾನಿನದ್ದೇ. ಹಳೆಯ 381 ರೈಲುಗಳ ಜಾಗಕ್ಕೆ 2024ರಲ್ಲಿ ಬಂದ 273 ಮಾದರಿ ಹೀಗೆ ಓಡುತ್ತದೆ. ಮತ್ತೆ ಮಗಳ ಮನೆಗೆ ಹೋದಾಗ ಡಬ್ಬಿಯ ಮಧ್ಯದ ಸೀಟು ಕೇಳಿ, ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ಕೂರಲಿ. ಮೊಬೈಲ್, ಪುಸ್ತಕ ಬೇಡ. ಹತ್ತಿರದ ಕಂಬ ನೋಡುವುದು ಬಿಟ್ಟು ದೂರ ನೋಡಲಿ.

ಹಾಗಾದರೆ ಇದು ಎಲ್ಲಿಗೆ ಸರಿ? ಇಂಗ್ಲೆಂಡಿನ ಆ ದಾರಿಯೇ ಒಳ್ಳೆಯ ಉದಾಹರಣೆ. ಲಂಡನ್ನಿನಿಂದ ಗ್ಲಾಸ್ಗೋಗೆ ಸುಮಾರು 640 ಕಿ.ಮೀ., 19ನೇ ಶತಮಾನದಲ್ಲಿ ಹಾಕಿದ ಹಳಿ. ತಿರುವುಗಳು ಜಾಸ್ತಿ, ಆದರೆ ತೀರಾ ಬಿಗಿಯಲ್ಲ. ಏರಿಳಿತ ಸಾಧಾರಣ. ಲಂಡನ್ ಕಡೆಯ ಭಾಗದಲ್ಲಿ ಹೆಚ್ಚಾಗಿ ನಾಲ್ಕು ಹಳಿ ಇರುವುದರಿಂದ ಅಲ್ಲಿ ವೇಗದ ರೈಲಿಗೆ ಗೂಡ್ಸ್ ಅಡ್ಡಬರುವುದು ಕಡಿಮೆ. ನಿಲುಗಡೆ ದೂರದೂರಕ್ಕೆ. ಅಂಥಲ್ಲಿ ಪ್ರತಿ ತಿರುವಿಗೂ ಬ್ರೇಕ್ ಹಾಕಿ ಮತ್ತೆ ವೇಗ ಹಿಡಿಯುವುದು ತಪ್ಪಿದರೆ ನಿಮಿಷಗಳು ಒಟ್ಟುಗೂಡುತ್ತವೆ. ಆದರೂ ಬರೀ ರೈಲು ಕೊಂಡು ಅವರು ಇದನ್ನು ಸಾಧಿಸಲಿಲ್ಲ. 2008ರ ಕೊನೆಗೆ ಮುಗಿದ ಆ ದಾರಿಯ ನವೀಕರಣಕ್ಕೆ ಸುಮಾರು 900 ಕೋಟಿ ಪೌಂಡ್ ಖರ್ಚಾಯಿತು. ಹಳಿ, ಸಿಗ್ನಲ್, ವಿದ್ಯುತ್ ತಂತಿ ಎಲ್ಲ ಹೊಸತು. ರೈಲುಗಳನ್ನು 225 ಕಿ.ಮೀ. ವೇಗಕ್ಕೆಂದು ಕಟ್ಟಿಸಿದ್ದರು. ಅದಕ್ಕೆ ಬೇಕಾದ ಸಿಗ್ನಲ್ ವ್ಯವಸ್ಥೆ ಬರಲಿಲ್ಲ, ಹಾಗಾಗಿ 200ಕ್ಕೇ ನಿಂತವು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸುವುದು ಸ್ವಿಟ್ಜರ್ಲೆಂಡಿನವರ ಯೋಚನೆ. ಅಲ್ಲಿ ದೊಡ್ಡ ಊರುಗಳಲ್ಲಿ ಎಲ್ಲ ದಿಕ್ಕಿನ ರೈಲುಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸೇರುತ್ತವೆ, ಜನ ಇಳಿದು ಹತ್ತಿದ ಮೇಲೆ ಮತ್ತೆ ಹೊರಡುತ್ತವೆ. ಜುರಾ ಬೆಟ್ಟದ ತಪ್ಪಲಿನ ದಾರಿಯಲ್ಲಿ ಕೆಲವೇ ನಿಮಿಷ ಉಳಿದರೆ ಈ ಕೂಡುವ ಹೊತ್ತು ಸಿಗುತ್ತಿತ್ತು. ಅಷ್ಟಕ್ಕಾಗಿ ಬೆಟ್ಟ ಕೊರೆದು ಹೊಸ ದಾರಿ ಮಾಡುವ ಬದಲು 2000ದಿಂದ ವಾಲುವ ರೈಲು ಬಿಟ್ಟರು. ಉಳಿದ ನಿಮಿಷಕ್ಕೆ ಅಲ್ಲಿ ಬೆಲೆ ಇತ್ತು, ಯಾಕೆಂದರೆ ವೇಳಾಪಟ್ಟಿ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ನಮ್ಮಲ್ಲಿ ತಿರುವಿನಲ್ಲಿ ಉಳಿಸಿದ ಹತ್ತು ನಿಮಿಷವನ್ನು ಮುಂದಿನ ಸ್ಟೇಷನ್ನಿನ ಹೊರಗೆ ಕೆಂಪು ಸಿಗ್ನಲ್ ನೋಡುತ್ತಾ ಕಳೆದುಬಿಡುತ್ತೇವೆ. ಇದನ್ನು ಬೇಜಾರಿನಿಂದಲೇ ಹೇಳುತ್ತಿದ್ದೇನೆ.

ಕೈಬಿಟ್ಟವರೂ ಇದ್ದಾರೆ. ಜರ್ಮನಿಯ ಐಸಿಇ-ಟಿ ರೈಲುಗಳ ಅಚ್ಚುಗಳಲ್ಲಿ ಬಿರುಕು ಕಂಡ ಮೇಲೆ 2008ರಲ್ಲಿ ವಾಲುವುದನ್ನೇ ನಿಲ್ಲಿಸಿದರು. ಯಂತ್ರ ಜಾಸ್ತಿಯಾದಷ್ಟೂ ರಿಪೇರಿ ಜಾಸ್ತಿ. ಇನ್ನು ನೇರವಾದ ಹೊಸ ದಾರಿ ಹಾಕುವವರಿಗೆ ಇದರ ಅಗತ್ಯವೇ ಇಲ್ಲ. ಟೋಕಿಯೊ–ಒಸಾಕಾ ಬುಲೆಟ್ ರೈಲು ಮಾತ್ರ ಬೇರೆ. 1964ರ ಆ ದಾರಿಯಲ್ಲಿ 2,500 ಮೀಟರ್ ತ್ರಿಜ್ಯದ ತಿರುವುಗಳಿವೆ. ಅಲ್ಲಿ ನಿಧಾನಿಸದೆ 270ರಲ್ಲೇ ಹೋಗಲು 2007ರ ಎನ್700 ರೈಲು ಗಾಳಿಚೀಲ ಉಬ್ಬಿಸಿ ಒಂದೇ ಒಂದು ಡಿಗ್ರಿ ವಾಲುತ್ತದೆ.

ಈಗ ನಮ್ಮ ಘಾಟಿಗೆ ಬರೋಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಇಳಿಜಾರು 50 ಮೀಟರಿಗೆ ಒಂದು ಮೀಟರ್. ಅಲ್ಲಿ ವೇಗ ಗಂಟೆಗೆ 30 ಕಿ.ಮೀ. ಘಾಟಿಯಲ್ಲಿ ಕಾಣುವಂಥ ಬಿಗಿ ತಿರುವು ಒಂದನ್ನು, 220 ಮೀಟರ್ ತ್ರಿಜ್ಯದ್ದು ಅಂದುಕೊಳ್ಳಿ, ಮೇಲಿನ ಲೆಕ್ಕಕ್ಕೆ ಹಾಕಿ. ಕ್ಯಾಂಟ್ 75, ಕೊರತೆ 75 ಎಂದರೂ 49 ಕಿ.ಮೀ. ವೇಗ ಬರುತ್ತದೆ. ತಿರುವು 49ಕ್ಕೆ ಒಪ್ಪಿದರೂ ರೈಲು 30ರಲ್ಲೇ ಇದೆ. ವಾಲುವ ರೈಲು ಈ 49ನ್ನು 66 ಮಾಡಬಹುದು. ಆದರೆ 30ನ್ನು 31 ಕೂಡ ಮಾಡಲಾರದು.

ಅಲ್ಲಿ ರೈಲನ್ನು ಹಿಡಿದಿರುವುದು ಇಳಿಜಾರು. ಸಾವಿರಾರು ಟನ್ ತೂಕದ ಗೂಡ್ಸ್ ಗಾಡಿ ಆ ಇಳಿಜಾರಿನಲ್ಲಿ ಒಮ್ಮೆ ಕೈಮೀರಿದರೆ ತಡೆಯುವುದು ಬಹಳ ಕಷ್ಟ. ಘಾಟಿ ಇಳಿಯುವ ಮುಂಚೆ ಬ್ರೇಕ್ ಪರೀಕ್ಷೆ ಮಾಡುವುದು, ಕೈಮೀರಿದ ಗಾಡಿಯನ್ನು ತಿರುಗಿಸಿ ಏರಿನ ಕಡೆಗೆ ಓಡಿಸಲು ಕ್ಯಾಚ್ ಸೈಡಿಂಗ್ ಎಂಬ ಪಕ್ಕದ ಹಳಿ ಹಾಕುವುದು, ಎಲ್ಲ ಈ ಭಯಕ್ಕೇ. ಜೊತೆಗೆ ಮಳೆಗಾಲ. 2024ರ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಗುಡ್ಡ ಕುಸಿದು ರೈಲು ದಿನಗಟ್ಟಲೆ ನಿಂತದ್ದು ನಿಮಗೇ ಗೊತ್ತು. ತಿರುವಿನ ಆಚೆ ಹಳಿಯ ಮೇಲೆ ಬಂಡೆ ಇದ್ದರೆ ಚಾಲಕ ಕಂಡ ಕೂಡಲೇ ನಿಲ್ಲಿಸುವಷ್ಟು ವೇಗದಲ್ಲಿರಬೇಕು. ಸಾಲದ್ದಕ್ಕೆ ಒಂದೇ ಹಳಿ. ಎದುರಿನ ಗಾಡಿಗಾಗಿ ಎಡಕುಮೇರಿಯಲ್ಲೋ ದೋಣಿಗಾಲಿನಲ್ಲೋ ಕಾಯಬೇಕು.

ಮಂಗಳೂರಿನಿಂದ ಉತ್ತರಕ್ಕೆ ಹೋಗುವ ಕೊಂಕಣ ರೈಲ್ವೆಗೂ ಇದು ಬೇಡ, ಆದರೆ ಕಾರಣ ಬೇರೆ. ಅದನ್ನು 160 ಕಿ.ಮೀ. ವೇಗ ಮನಸ್ಸಿನಲ್ಲಿಟ್ಟು 1,250 ಮೀಟರಿಗಿಂತ ಬಿಗಿಯಾದ ತಿರುವು ಬರದ ಹಾಗೆ ಹಾಕಿದ್ದಾರೆ. ಅಲ್ಲಿ ತಡವಾಗುವುದು ಒಂಟಿ ಹಳಿಯಿಂದ, ಮಳೆಗಾಲದ ನಿಧಾನ ವೇಳಾಪಟ್ಟಿಯಿಂದ. ನಮ್ಮ ಸುತ್ತ ಯೋಚಿಸಬಹುದಾದ ದಾರಿ ಎಂದರೆ ನನ್ನ ಅಂದಾಜಿಗೆ ಬೆಂಗಳೂರು–ಜೋಲಾರಪೇಟೆ. ಜೋಡಿ ಹಳಿ ಇದೆ, ಕರೆಂಟ್ ಇದೆ, ಚೆನ್ನೈಗೆ ಹೋಗುವ ವೇಗದ ರೈಲುಗಳಿವೆ, ಕುಪ್ಪಂ ಸುತ್ತಮುತ್ತ ಸಾಲು ತಿರುವುಗಳಿವೆ. ಕೇರಳದ ಹಳೆಯ ದಾರಿಯೂ ತಿರುವಿನದ್ದೇ. ಆದರೆ ಅಲ್ಲಿ ಹತ್ತಿರಹತ್ತಿರ ನಿಲುಗಡೆ, ಹಳಿ ತುಂಬಾ ಗಾಡಿ. ಮುಂದಿನ ಗಾಡಿ ನಿಧಾನಕ್ಕೆ ಹೋಗುತ್ತಿದ್ದರೆ ಹಿಂದಿನದು ವಾಲಿದರೂ ಅಷ್ಟೇ, ನೆಟ್ಟಗಿದ್ದರೂ ಅಷ್ಟೇ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕೈಹಾಕದೇ ಇಲ್ಲ. 2016ರಲ್ಲಿ ಸ್ಪೇನಿನ ಟಾಲ್ಗೊ ಕಂಪನಿಯ ಹಗುರ ಡಬ್ಬಿಗಳನ್ನು ತಂದು ನಮ್ಮದೇ ಎಂಜಿನ್ ಕಟ್ಟಿ ಓಡಿಸಿ ನೋಡಿದರು. ದೆಹಲಿ–ಮುಂಬೈ 12 ಗಂಟೆಯೊಳಗೆ ಮುಗಿಯಿತು. 2022ರಲ್ಲಿ ರೈಲ್ವೆ, 100 ವಂದೇ ಭಾರತ್ ರೈಲುಗಳಿಗೆ ವಾಲುವ ವ್ಯವಸ್ಥೆ ಬರುತ್ತದೆ ಎಂದಿತ್ತು. ನಿಮ್ಮ ಬಳಗದವರ ತಲೆಗೆ ಈ ವಿಚಾರ ಬಂದದ್ದು ಬಹುಶಃ ಆ ಸುದ್ದಿಯಿಂದ.

ಮನವಿಯಲ್ಲಿ ವಾಲುವ ರೈಲು ಬರೆಯಬೇಡಿ. ಬರೆದರೆ “ಪರಿಶೀಲಿಸಲಾಗುವುದು” ಎಂಬ ಉತ್ತರ ಬರುತ್ತದೆ, ಕಡತ ಮುಚ್ಚುತ್ತದೆ. ಮೊದಲು ಬೆಂಗಳೂರಿನಿಂದ ಸಕಲೇಶಪುರ, ಸುಬ್ರಹ್ಮಣ್ಯ ರೋಡ್‌ನಿಂದ ಮಂಗಳೂರು, ಈ ಎರಡು ಭಾಗಗಳಲ್ಲಿ ಎಲ್ಲೆಲ್ಲಿ ಕಾಯಂ ವೇಗಮಿತಿ ಇದೆ, ಯಾವ ಕಾರಣಕ್ಕೆ ಇದೆ ಎಂಬ ಪಟ್ಟಿ ಕೇಳಿ. ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಕೆಲವು ಮಿತಿಗಳು ಹಳೆಯ ಸೇತುವೆಯಿಂದ, ಕೆಲವು ಸ್ಟೇಷನ್ನಿನ ಪಾಯಿಂಟ್‌ಗಳಿಂದ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ) ಬಂದಿರುತ್ತವೆ. ಸರಿಪಡಿಸಿದರೆ ಎಲ್ಲ ರೈಲಿಗೂ ಲಾಭ, ನಿಮ್ಮ ಪ್ಯಾಸೆಂಜರ್ ಗಾಡಿಗೂ. ಬಿಗಿ ತಿರುವನ್ನು ಸಡಿಲಿಸಿ ಹಳಿ ಪಕ್ಕಕ್ಕೆ ಸರಿಸುವ ಕೆಲಸವೂ ಬಯಲು ಭಾಗದಲ್ಲಿ ಸಾಧ್ಯ. ಅದಕ್ಕೆ ಜಮೀನು ಬೇಕು, ಕೆಲವರ ತೋಟ ಹೋಗುತ್ತದೆ, ಅದನ್ನು ತಿಳಿದೇ ಕೇಳಿ. ಎರಡನೆಯದು, ಹಗಲಿನ ರೈಲು ಯಾವ ಸ್ಟೇಷನ್ನಿನಲ್ಲಿ ಎದುರಿನ ಗಾಡಿಗೆ ಎಷ್ಟು ನಿಮಿಷ ಕಾಯುತ್ತದೆ ಎಂದು ನೀವೇ ಒಂದು ತಿಂಗಳು ಬರೆದಿಡಿ. ನಿಮ್ಮ ಬಳಗದಲ್ಲಿ ವಾರವಾರ ಓಡಾಡುವವರು ಇದ್ದೇ ಇರುತ್ತಾರೆ. ಆ ಪಟ್ಟಿಯನ್ನು ಮನವಿಗೆ ಲಗತ್ತಿಸಿ.

ಘಾಟಿಯ ವಿಷಯಕ್ಕೆ ಒಂದೇ ಪ್ರಶ್ನೆ ಹಾಕಿ: ಪ್ರತಿ ಚಕ್ರಕ್ಕೂ ಒಳ್ಳೆಯ ಬ್ರೇಕ್ ಇರುವ ಹೊಸ ಪ್ರಯಾಣಿಕ ರೈಲುಗಳಿಗೆ, ಗುಡ್ಡ ಭದ್ರಪಡಿಸಿದ ಜಾಗಗಳಲ್ಲಿ, ಮಳೆಯಿಲ್ಲದ ತಿಂಗಳುಗಳಲ್ಲಿ 30ರ ಬದಲು 40 ಕಿ.ಮೀ. ಕೊಡಲು ಪರೀಕ್ಷೆ ಮಾಡಬಹುದೇ? ಆಗಬಹುದು ಎಂದು ನಾನು ಇಲ್ಲಿ ಕೂತು ಹೇಳಲಾರೆ. ಅದನ್ನು ಹಳಿಯ ಮೇಲೆ ಓಡಿಸಿ, ಬ್ರೇಕ್ ಹಾಕಿ ನೋಡಿದವರೇ ಹೇಳಬೇಕು. ಆದರೆ ಲೆಕ್ಕ ಮಾಡಿ ನೋಡಿ. 55 ಕಿ.ಮೀ.ಗೆ 30ರಲ್ಲಿ ಒಂದು ಗಂಟೆ ಐವತ್ತು ನಿಮಿಷ. 40 ಸಿಕ್ಕರೆ ಅರ್ಧ ಗಂಟೆಯ ಹತ್ತಿರ ಉಳಿಯುತ್ತದೆ, ಯಾವ ಡಬ್ಬಿಯೂ ವಾಲದೆ.